ಪಾತ್ರೆ ಬಣ್ಣದ ರಿಬ್ಬನ್

ರಿಬ್ಬನ್ ಕಾರ್ಖಾನೆಯಲ್ಲಿ ಬಣ್ಣಗಳಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ಸುರುಳಿಯೊಳಗಿನ ರಟ್ಟಿನ ಮೇಲೆ ಅಚ್ಚಾಗಿರುತ್ತಿದ್ದ ಆ ನಂಬರನ್ನು ಓದುತ್ತಿದ್ದವನು ಸೂಪರ್‌ವೈಸರ್ ಒಬ್ಬನೇ. ಉದ್ದ ಮೇಜಿನ ಎರಡೂ ಕಡೆ ಕೂತ ಹೆಂಗಸರಿಗೆ ಅದರ ಗೊಡವೆ ಬೇಕಿರಲಿಲ್ಲ. ತಮ್ಮ ಪಾಡಿಗೆ ತಾವು ಹೆಸರಿಟ್ಟುಕೊಂಡಿದ್ದರು. ನೇರಳೆಯದು ಬದನೆ, ಕೆಂಪಿನದು ಸಿಗ್ನಲ್, ತಿಳಿನೀಲಿಯದು ಸ್ಕೂಲಂಗಿ, ಗುಲಾಬಿಯದು ಬಬಲ್‌ಗಮ್. ಬೂದಿಗೆ ಬೆಳ್ಳಿ ಬೆರೆಸಿದಂಥ ಒಂದು ಬಣ್ಣ ಬಂದಾಗ, ಈಗ ತಾನೇ ತೊಳೆದು ಬೋರಲು ಹಾಕಿದ ಸ್ಟೀಲ್ ಪಾತ್ರೆಯ ಹಾಗಿದೆ ಅಂತ ಯಾರೋ ಅಂದರು. ಅಲ್ಲಿಂದ ಅದು ಪಾತ್ರೆ ಬಣ್ಣ.

ಕೆಲಸ ನೋಡುವುದಕ್ಕೆ ಸುಲಭ. ಬಿಸಿ ಬ್ಲೇಡಿನಲ್ಲಿ ಕತ್ತರಿಸಿದ ತುಂಡು ಬರುತ್ತದೆ. ಬಿಸಿ ಯಾಕೆಂದರೆ, ತುದಿಯ ನೂಲು ಬಿಚ್ಚಿಕೊಳ್ಳಬಾರದು. ಅದನ್ನು ನಡುವೆ ಬಾಗಿಸಿ ಕುಣಿಕೆ ಮಾಡಬೇಕು, ಎರಡು ಕಾಲುಗಳನ್ನು ಕತ್ತರಿಯ ಹಾಗೆ ಅಡ್ಡ ಹಾಯಿಸಬೇಕು, ಹಾಯ್ದ ಜಾಗಕ್ಕೆ ಒಂದು ಹನಿ ಅಂಟು, ಹಿಂದುಗಡೆ ಒಂದು ಪಿನ್ನು. ಟ್ರೇಗೆ ಹಾಕು, ಮುಂದಿನದು ತಗೋ. ತುಂಬಿದ ಟ್ರೇ ಕೆಳಗಿನ ಮಹಡಿಗೆ ಹೋಗುತ್ತದೆ. ಅಲ್ಲಿ ಬೇರೆ ಹೆಂಗಸರು ಅದನ್ನು ಅಚ್ಚು ಹಾಕಿದ ಕಾರ್ಡಿಗೆ ಚುಚ್ಚಿ ಡಬ್ಬಿ ತುಂಬುತ್ತಾರೆ. ಕಾರ್ಡಿನಲ್ಲಿ ಏನು ಬರೆದಿದೆಯೋ ಮೇಲಿನವರು ಕಂಡವರಲ್ಲ. ಬಬಲ್‌ಗಮ್ ಒಂದು ಹೆಂಗಸರ ಎದೆಯ ಕ್ಯಾನ್ಸರ್‌ಗೆ ಅಂತ ಟೀವಿ ನೋಡಿ ಗೊತ್ತಿತ್ತು. ಉಳಿದದ್ದೆಲ್ಲ ಸಭೆ ಸಮಾರಂಭಕ್ಕೆ ಬಂದವರು ಅಂದಕ್ಕೆ ಸಿಕ್ಕಿಸಿಕೊಳ್ಳುವಂಥದ್ದು ಅಂತಲೇ ಅವರ ಎಣಿಕೆ.

ಮೇಜಿನ ಕೊನೆಯಲ್ಲಿ, ಕಿಟಕಿ ಪಕ್ಕದಲ್ಲಿ ಕೂರುವವಳ ಹೆಸರು ಯಾಕಮ್ಮ. ಹೆತ್ತವರು ಇಟ್ಟದ್ದಲ್ಲ, ಮೇಜಿನವರು ಇಟ್ಟದ್ದು. ಬಾಯಿ ತೆರೆದರೆ ಅವಳದು 'ಯಾಕೆ' ಅಂತಲೇ ಶುರು.

"ಅಲ್ಲ ಸಾರ್, ಈ ಪಾತ್ರೆ ಬಣ್ಣ ಯಾಕೆ ಮಾಡಿಸ್ತಾರೆ? ಎದೆ ಮೇಲೆ ಹಾಕ್ಕೊಂಡ್ರೆ ಕಣ್ಣಿಗೇ ಬೀಳಲ್ಲ."

"ಅದೆಲ್ಲ ಕಟ್ಕೊಂಡು ಏನ್ ಮಾಡ್ತೀರಾ? ಮಡಿಸ್ರಿ," ಅಂದ ಸೂಪರ್‌ವೈಸರ್.

"ಮಡಿಸ್ತಾನೇ ಇದ್ದೀನಲ್ಲ. ಕೈ ಮಡಿಸುತ್ತೆ, ಬಾಯಿ ಕೇಳುತ್ತೆ. ಒಂದಕ್ಕೊಂದು ಅಡ್ಡ ಬಂದಿದೆಯಾ?"

"ನಂಬರ್ ಬಂತು, ನಂಬರ್ ಹೋಯ್ತು. ದೇವರಾಣೆ ನನಗೂ ಅಷ್ಟೇ ಗೊತ್ತಿರೋದು."

ಎದುರಿಗೆ ಕೂರುತ್ತಿದ್ದ ಉದ್ದಕ್ಕ, ಕುಳಿತರೂ ಉಳಿದವರು ನಿಂತಷ್ಟು ಎತ್ತರ ಕಾಣುವವಳು, ತಲೆಯೆತ್ತದೆ ಅಂದಳು: "ಬಿಡಿ ಸಾರ್. ನೀವು ಒಂದು ಉತ್ತರ ಕೊಟ್ರೆ ಅದರ ಬಾಲ ಹಿಡ್ಕೊಂಡು ಇನ್ನೊಂದು ಬರುತ್ತೆ. ನಾವು ಅನುಭವಸ್ಥರು."

ಹೀಗೆ ಊರವರನ್ನೆಲ್ಲ ಕೇಳಿ ತಿನ್ನುವ ಯಾಕಮ್ಮ ಒಬ್ಬರ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅದು ಅವಳ ಒಡಹುಟ್ಟಿದ ಅಕ್ಕ.

ಇಬ್ಬರೂ ಸೇರಿ ಒಂದು ಟೈಲರಿಂಗ್ ಅಂಗಡಿ ನಡೆಸುತ್ತಿದ್ದ ಕಾಲವೊಂದಿತ್ತು. ಅಕ್ಕ ಕತ್ತರಿಸುತ್ತಿದ್ದಳು, ಇವಳು ಹೊಲಿಯುತ್ತಿದ್ದಳು. ಅಕ್ಕನ ಕೈ ಎಂದರೆ ಕೈ. ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಸ್ಕೇಲು ನಾಚಬೇಕು. ಒಂದು ದಿನ ಮದುವೆ ಹುಡುಗಿಯೊಬ್ಬಳು ಉಡುಪು ತೊಟ್ಟು ಕನ್ನಡಿ ಮುಂದೆ ನಿಂತಿದ್ದಾಗ, ಅವಳ ತಾಯಿಯ ಎದುರಿಗೇ ಅಕ್ಕ ಇವಳು ಹೊಲಿದ ತೋಳಿನ ಹೊಲಿಗೆಯನ್ನು ಪರಪರನೆ ಬಿಚ್ಚಿ, "ಇದನ್ನ ಹೊಲಿಗೆ ಅಂತಾರಾ? ಎತ್ತು ಉಚ್ಚೆ ಹೊಯ್ದ ಹಾಗಿದೆ," ಅಂದುಬಿಟ್ಟಳು. ಯಾಕಮ್ಮ ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ್ದ ಅಂಗುಸ್ತಾನ ತೆಗೆದು ಮೇಜಿನ ಮೇಲಿಟ್ಟು ಎದ್ದು ಬಂದಳು. ಅಕ್ಕ ಕರೆಯುತ್ತಾಳೆ ಅಂತ ಇವಳು ಕಾದಳು. ತಂಗಿ ಬರುತ್ತಾಳೆ ಅಂತ ಅವಳು ಕಾದಳೋ ಏನೋ. ಕಾಯುತ್ತ ಕಾಯುತ್ತ ಇಬ್ಬರಿಗೂ ತಲೆ ನರೆಯಿತು. ನಾಲ್ಕು ಬೀದಿ ಆಚೆ ಇದ್ದರೂ ರಸ್ತೆಯಲ್ಲಿ ಎದುರಾದರೆ ಯಾಕಮ್ಮ ಅಂಗಡಿಗಳ ಬೋರ್ಡು ಓದತೊಡಗುತ್ತಿದ್ದಳು. ಈಚೆಗೆ ಒಂದೆರಡು ಸಲ ಕಳ್ಳಗಣ್ಣಿನಲ್ಲಿ ನೋಡಿದ್ದಳು. ಅಕ್ಕನ ಮುಖ ಕಲ್ಲಿನ ಹಾಗಿತ್ತು. ಇನ್ನೂ ಇಷ್ಟು ಸಿಟ್ಟೇ ಅಂತ ಮನೆಗೆ ಬಂದು ಗಂಡನ ಮುಂದೆ ಅತ್ತಿದ್ದಳು. ಆಮೇಲೆ, ಕಣ್ಣು ಸರಿ ಕಾಣುವುದಿಲ್ಲ ಅಂತ ಅಕ್ಕ ಅಂಗಡಿ ಮುಚ್ಚಿದ ಸುದ್ದಿ ಬಂತು. ಹೋಗಿ ಮಾತಾಡಿಸಲಾ ಅಂತ ಚಪ್ಪಲಿ ಮೆಟ್ಟಿದವಳು ಆ ಕಲ್ಲುಮುಖ ನೆನಪಾಗಿ ಮತ್ತೆ ಕಳಚಿದ್ದಳು.

ಈಗ ವಿಷಯಕ್ಕೆ ಬರೋಣ.

ಅಡ್ಡಾದಿಡ್ಡಿ ಕತ್ತರಿಸಿಹೋದ ತುಂಡುಗಳನ್ನು ಮನೆಗೆ ಒಯ್ಯಲು ಕಾರ್ಖಾನೆಯಲ್ಲಿ ಯಾರದೂ ಅಡ್ಡಿಯಿರಲಿಲ್ಲ. ಹಾಗಾಗಿ ಅಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಬೀಗದ ಕೈಗೆ, ಪರದೆಗೆ, ಪೊರಕೆಗೆ, ಎಲ್ಲಕ್ಕೂ ರಿಬ್ಬನ್ನೇ. ಯಾಕಮ್ಮನ ಹೆಗಲಚೀಲದ ಜಿಪ್ಪಿನ ಹಿಡಿ ಮುರಿದಾಗ ಅವಳು ಕೈಗೆ ಸಿಕ್ಕ ಪಾತ್ರೆ ಬಣ್ಣದ ತುಂಡೊಂದನ್ನು ಪೋಣಿಸಿದಳು. ಸುಮ್ಮನೆ ಗಂಟು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅಭ್ಯಾಸ ಬಿದ್ದ ಕೈ ಸುಮ್ಮನಿರಬೇಕಲ್ಲ: ಬಾಗಿಸಿ, ಕುಣಿಕೆ ಮಾಡಿ, ಕಾಲು ಅಡ್ಡ ಹಾಯಿಸಿ, ಅಂಟು ಹಚ್ಚಿ, ಪಿನ್ನು ಚುಚ್ಚಿಬಿಟ್ಟಿತು.

ಮೊದಲು ಬದಲಾದವರು ಮೂಲೆಮನೆ ಮೇಷ್ಟ್ರು. ನಿವೃತ್ತರಾದ ಮೇಲೆ ಪತ್ರಿಕೆಗಳ ಆರೋಗ್ಯದ ಪುಟ ಓದುವುದು, ಓದಿದ್ದನ್ನು ಬೀದಿಗೆಲ್ಲ ಹಂಚುವುದು ಅವರ ಉದ್ಯೋಗ. ಕಸದ ಡಬ್ಬಿ ಯಾರ ಬಾಗಿಲ ಹತ್ತಿರ ಇರಬೇಕು ಅಂತ ಯಾಕಮ್ಮನಿಗೂ ಅವರಿಗೂ ದಿನಾ ಜಟಾಪಟಿ. ಅಂಥವರು ಅವತ್ತು ಸಂಜೆ ಚೀಲದ ಮೇಲೆ ಕಣ್ಣಿಟ್ಟು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, ಡಬ್ಬಿಯನ್ನು ತಾವೇ ತಮ್ಮ ಬಾಗಿಲಿಗೆ ಎಳೆದುಕೊಂಡರು.

"ಕೈ ಹೇಗಿದೆಯಮ್ಮ?" ಅಂದರು. ಅಂಥ ಮೆತ್ತನೆಯ ದನಿ ಅವರ ಗಂಟಲಲ್ಲಿ ಇದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ.

"ಕೈಗೇನಾಗಿದೆ ಮೇಷ್ಟ್ರೇ? ಬೆಳಗಿಂದ ಸಂಜೆವರೆಗೆ ದುಡಿಯುತ್ತೆ."

"ಭೇಷ್! ಹೀಗಿರಬೇಕು. ಈ ಧೈರ್ಯ ಎಷ್ಟು ಜನಕ್ಕೆ ಬರುತ್ತೆ? ವ್ಯಾಯಾಮ ಮಾತ್ರ ಬಿಡಬೇಡಿ."

ಮರುದಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ಸೀಟು ಕೊಟ್ಟಳು. ಚೀಲವನ್ನೇ ನೋಡುತ್ತ ನಿಂತಳು. ತನ್ನ ಸ್ಟಾಪು ಬಂದಾಗ ಬಗ್ಗಿ, "ಆಂಟಿ, ನಮ್ಮ ತಾತನಿಗೂ ಇದೆ," ಅಂದಳು.

"ಏನಿದೆ?"

ಅಷ್ಟರಲ್ಲಿ ಹುಡುಗಿ ಇಳಿದಾಗಿತ್ತು, ಬಸ್ಸು ಹೊರಟಾಗಿತ್ತು. ಯಾಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಮ್ಮಾ ಇರೋದು ನಿಮ್ಮ ತಾತನಿಗೆ?" ಅಂತ ಕೂಗಿದಳು. ಫುಟ್‌ಪಾತಿನಲ್ಲಿದ್ದ ಜನರೆಲ್ಲ ತಿರುಗಿ ನೋಡಿದರು. ಹುಡುಗಿ ಕೈ ಬೀಸಿದಳು.

ಅವತ್ತಿಡೀ ತಲೆಯೊಳಗೆ ಜೇನುಗೂಡು. ತಾತನಿಗೆ ಏನಿರಬಹುದು? ಚೀಲವೇ? ರಿಬ್ಬನ್ನೇ? ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಂದೆ ಎಲ್ಲ ಹೇಳಿದಳು. ಲಿಫ್ಟ್ ರಿಪೇರಿ ಮಾಡುವ ಅವನು ಮಾತಿನಲ್ಲಿ ಭಾರಿ ಜಿಪುಣ.

"ಫೋನಲ್ಲಿ ಹುಡುಕು," ಅಂದ.

"ಫೋನು ಎಲ್ಲಿ ಹೋಗುತ್ತೆ, ಆಮೇಲೆ ನೋಡಿದ್ರಾಯ್ತು. ಮೊದಲು ಜನ ಏನ್ ಮಾಡ್ತಾರೆ ಅಂತ ನೋಡ್ಬೇಕು ಕಣ್ರೀ. ಬಣ್ಣ ಬದಲಾಯಿಸಿ ನೋಡ್ತೀನಿ."

"ಬೇಡ," ಅಂದ ಗಂಡ. ಅವನು ಬೇಡ ಅಂದದ್ದು ಎಷ್ಟು ಸರಿ ಅಂತ ಅವನಿಗೇ ಎರಡು ದಿನದಲ್ಲಿ ಗೊತ್ತಾಯಿತು.

ಬದನೆ ಹಾಕಿಕೊಂಡು ಹೋದ ದಿನ ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ಗಂಡನೂ ಜೊತೆಗಿದ್ದ. ಬಿಲ್ಲು ಹಾಕುವ ಹೆಂಗಸು ರಿಬ್ಬನ್ ನೋಡಿದಳು, ಯಾಕಮ್ಮನನ್ನು ನೋಡಿದಳು, ಆಮೇಲೆ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅವನು ಪಾಪ ಈರುಳ್ಳಿ ಚೀಲ ಎದೆಗವಚಿಕೊಂಡು ನಿಂತಿದ್ದ. ಬಿಲ್ಲಿನ ಚೀಟಿ ಕೊಡುವ ನೆಪದಲ್ಲಿ ಅವಳು ಯಾಕಮ್ಮನ ಕೈ ಅದುಮಿ ಪಿಸುಗುಟ್ಟಿದಳು: "ಹೆದರ್ಕೋಬೇಡಿ ಅಕ್ಕಾ. ಹಿಂದುಗಡೆ ನನ್ನ ನಂಬರಿದೆ. ಯಾವಾಗ ಬೇಕಾದ್ರೂ ಬನ್ನಿ, ಬಾಗಿಲು ತೆರೆದಿರುತ್ತೆ."

"ಯಾರಿಗೆ ಹೆದರಬೇಕು?"

ಅವಳು ಕಣ್ಣಿನಲ್ಲೇ ಗಂಡನ ಕಡೆ ತೋರಿಸಿದಳು. ಮನೆ ಮುಟ್ಟುವವರೆಗೂ ಯಾಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ನಗಲಿಲ್ಲ. "ನಾನು ಜಿರಲೆ ಕಂಡ್ರೂ ಹೊಡೆಯಲ್ಲ," ಅಂತ ತನ್ನಷ್ಟಕ್ಕೆ ಗೊಣಗಿಕೊಂಡ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಸಿಗ್ನಲ್ ಹಾಕಿದ ದಿನ ತುಂಬಿದ ಬಸ್ಸಿನಲ್ಲಿ ಪಕ್ಕದ ಸೀಟಿನವಳು ಎದ್ದು ಹೋದಳು. ಬೇರೆ ಯಾರೂ ಬಂದು ಕೂರಲಿಲ್ಲ. ಯಾಕಮ್ಮ ಚೀಲವನ್ನು ಪಕ್ಕಕ್ಕಿಟ್ಟು, ಕಾಲು ಚಾಚಿ, ಇದೊಳ್ಳೆ ಬಣ್ಣ ಅಂದುಕೊಂಡಳು. ಎರಡು ಸ್ಟಾಪು ದಾಟುವುದರೊಳಗೆ ಮೈ ಒಂಥರಾ ಆಯಿತು. ನಿಂತವರೆಲ್ಲ ಅವಳನ್ನು ಬಿಟ್ಟು ಬೇರೆ ಎಲ್ಲ ಕಡೆ ನೋಡುತ್ತಿದ್ದರು. ತಾನು ಅಕ್ಕನನ್ನು ಕಂಡಾಗ ಬೋರ್ಡು ಓದುವುದು ಹೀಗೇ ಕಾಣುತ್ತಿರಬಹುದು ಅನ್ನಿಸಿತು. ಪಿನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾಕಮ್ಮ ಮೆಟ್ಟಿಲಿಳಿದು, ಯಾವತ್ತೂ ಕಾಲಿಡದ ಕಾರ್ಡಿನ ಕೋಣೆಗೆ ಹೋದಳು. ಡಬ್ಬಿಗಳ ಗೋಡೆಯ ನಡುವೆ ದಪ್ಪ ಕನ್ನಡಕದ ಹೆಂಗಸೊಬ್ಬಳು ಮೊಸರನ್ನ ತಿನ್ನುತ್ತ ಕೂತಿದ್ದಳು.

"ಮೇಲಿನವರಾ? ಏನ್ ಬೇಕಿತ್ತು?"

"ಏನೂ ಬೇಡ. ನಾವು ಮಡಿಸೋದು ಯಾರಿಗೆ ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ."

ಕನ್ನಡಕದವಳಿಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ. ಡಬ್ಬಿ ಕೆಳಗಿಟ್ಟು, ಕೈ ಒರೆಸಿಕೊಂಡು, ಗಿಣಿಪಾಠ ಒಪ್ಪಿಸಿದಳು. ಸಿಗ್ನಲ್ ಏಡ್ಸ್‌ಗೆ. ಬಬಲ್‌ಗಮ್ ಗೊತ್ತೇ ಇದೆ. ಬದನೆ ಅಂದರೆ ದೊಡ್ಡ ಸಂಸಾರ: ಮರೆವಿನ ಕಾಯಿಲೆಗೆ ಅದೇ, ಮೂರ್ಛೆರೋಗದವರೂ ಅದನ್ನೇ ಹಾಕುತ್ತಾರೆ, ಮನೆಯಲ್ಲಿ ಪೆಟ್ಟು ತಿನ್ನುವ ಹೆಂಗಸರ ಪರ ನಿಲ್ಲುವವರಿಗೂ ಅದೇ.

"ಅಯ್ಯೋ ನಮ್ಮನೆಯವರೇ!" ಅಂದಳು ಯಾಕಮ್ಮ. "ಒಂದೇ ಬಣ್ಣ ಅಷ್ಟು ಜನಕ್ಕೆ ಯಾಕೆ? ಬಣ್ಣಕ್ಕೇನು ಬರಗಾಲವಾ?"

"ಬಣ್ಣ ಇರೋದು ಹಿಡಿಯಷ್ಟು, ಕಾಯಿಲೆ ಬುಟ್ಟಿಯಷ್ಟು. ಏನ್ ಮಾಡ್ತಾರೆ?"

"ಹಂಚಿದ್ದು ಯಾರು?"

"ಯಾರೂ ಇಲ್ಲ. ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ತಾರಲ್ಲ, ಹಾಗೆ. ಮೊದಲು ಬಂದೋರು ಹಿಡ್ಕೊಂಡ್ರು. ಆಮೇಲೆ ಬಂದೋರು, ಸ್ವಲ್ಪ ಸರ್ಕೊಳ್ಳಿ ಅಂತ ಅಲ್ಲೇ ಕೂತ್ರು."

"ಪಾತ್ರೆ ಬಣ್ಣ?"

"ಅದ್ಯಾವುದು?"

ಯಾಕಮ್ಮ ಮೇಜಿನಿಂದ ಎತ್ತಿಕೊಂಡು ಬಂದಿದ್ದ ತುಂಡೊಂದನ್ನು ಜೇಬಿನಿಂದ ತೆಗೆದು ತೋರಿಸಿದಳು.

"ಓ, ಬೆಳ್ಳಿಯದಾ? ನಾವು ಚುಚ್ಚೋದು ಪಾರ್ಕಿನ್ಸನ್ ಕಾರ್ಡಿಗೆ. ಕೈ ನಡುಗುತ್ತಲ್ಲ, ನಡಿಗೆ ನಿಧಾನ ಆಗುತ್ತಲ್ಲ, ಅದು. ಮಿದುಳಿಂದ ಬರೋದು."

ಮೇಷ್ಟ್ರ ಮೆತ್ತನೆ ದನಿ, ವ್ಯಾಯಾಮ, ಹುಡುಗಿಯ ತಾತ, ಎಲ್ಲ ಒಂದೇ ದಾರಕ್ಕೆ ಬಂದು ಕೂತವು. ಯಾಕಮ್ಮನಿಗೆ ಒಂದು ಕಡೆ ಬಗೆಹರಿದ ಖುಷಿ, ಇನ್ನೊಂದು ಕಡೆ ಯಾರದೋ ಊಟದ ಎಲೆಗೆ ಕೈಹಾಕಿದಂಥ ನಾಚಿಕೆ. ಮನೆಗೆ ಹೋದ ತಕ್ಷಣ ಮೇಷ್ಟ್ರಿಗೆ ನಿಜ ಹೇಳಿ, ಕಸದ ಡಬ್ಬಿಯನ್ನು ವಾಪಸ್ ಎಳೆದುಕೊಳ್ಳಬೇಕು ಅಂತ ತೀರ್ಮಾನಿಸಿದಳು.

ಆದರೆ ಸಂಜೆ ಮೆಟ್ಟಿಲು ಹತ್ತಿದರೆ, ಬಾಗಿಲ ಮುಂದೆ ಅಕ್ಕ ನಿಂತಿದ್ದಳು.

ಎಡಗೈಯನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡಿದ್ದಳು. ಮುಖ ಅದೇ ಕಲ್ಲು. ಜಗಳಕ್ಕೇ ಬಂದಿರಬೇಕು ಅಂತ ಯಾಕಮ್ಮ ಗಡಿಬಿಡಿಯಲ್ಲಿ ಬೀಗಕ್ಕೆ ಕೈ ಹಾಕಿದಳು. ಬೀಗದ ಕೈ ತೂತಿಗೆ ಸೇರದೆ ಕಟಕಟ ಅಂದಿತು. ಅಕ್ಕ ತಂಗಿಯ ಕೈಯನ್ನೇ ನೋಡಿದಳು.

"ನಿಂಗೂ ಶುರುವಾಯ್ತಾ?" ಅಂದಳು. ದನಿ ತೀರಾ ಸಣ್ಣಗಿತ್ತು. ಮಾರ್ಕೆಟ್ಟಿನ ಆಚೆ ತುದಿಯಿಂದ ಕೂಗಿ ಕರೆಯುತ್ತಿದ್ದ ಅಕ್ಕ ಇವಳೇನಾ ಅನ್ನಿಸುವಷ್ಟು.

"ಏನಕ್ಕಾ?"

"ಮೇಷ್ಟ್ರ ಹೆಂಡತಿ ಹೇಳಿದ್ರು. ಚೀಲಕ್ಕೆ ಬೆಳ್ಳಿ ರಿಬ್ಬನ್ ಹಾಕ್ಕೊಂಡು ರಾಜಾರೋಷವಾಗಿ ಓಡಾಡ್ತಿದ್ದೀಯಂತೆ. ನೋಡು, ನೀನು ಯಾವಾಗ್ಲೂ ಹಾಗೇ. ಮುಚ್ಚಿಡೋದು ನಿನ್ನ ಜಾಯಮಾನದಲ್ಲೇ ಇಲ್ಲ. ನಾನು ಮುಚ್ಚಿಟ್ಟು ಮುಚ್ಚಿಟ್ಟು ಸತ್ತೆ."

ಅಕ್ಕ ಜೇಬಿನಿಂದ ಕೈ ತೆಗೆದಳು. ಹೆಬ್ಬೆರಳೂ ತೋರುಬೆರಳೂ ಕಾಣದ ಗುಳಿಗೆಯೊಂದನ್ನು ಹೊಸೆಯುತ್ತಿರುವ ಹಾಗೆ ತಮ್ಮಷ್ಟಕ್ಕೆ ತಾವು ಆಡುತ್ತಿದ್ದವು.

ಆಗ ಹೇಳಬೇಕಿತ್ತು. ಅಲ್ಲೇ, ಆ ಕ್ಷಣದಲ್ಲೇ. ಯಾಕಮ್ಮ ಬಾಯಿ ತೆರೆದಳು ಕೂಡ. ಆದರೆ ಅಕ್ಕ ಆ ನಡುಗುವ ಕೈಯನ್ನು ಇವಳ ತೋಳಿನ ಮೇಲಿಟ್ಟಳು. ಅಷ್ಟು ವರ್ಷದ ಮೇಲೆ ಮೈ ಮುಟ್ಟಿದ ಕೈ. ಇವಳು ಬಾಗಿಲು ತೆರೆದು ಅಕ್ಕನನ್ನು ಒಳಗೆ ಕರೆದುಕೊಂಡಳು.

ಒಳಗೆ ಕೂತ ಮೇಲೆ ಅಕ್ಕ ಮಾತಾಡಿದಳು, ಕಟ್ಟೆ ಒಡೆದ ಹಾಗೆ. ಅಂಗಡಿ ಮುಚ್ಚಿದ್ದು ಕಣ್ಣಿಗಾಗಿ ಅಲ್ಲ, ಕೈಗಾಗಿ. ಸೀಮೆಸುಣ್ಣದ ಗೆರೆ ಹಲ್ಲುಹಲ್ಲಾಗಿ ಬರತೊಡಗಿತು. ಗುಂಡಿ ಹಾಕಿಕೊಳ್ಳಲು ಬೆಳಿಗ್ಗೆಯೆಲ್ಲ ಬೇಕು. ಮೂಗಿಗೆ ಹೂವಿನ ವಾಸನೆಯೂ ಇಲ್ಲ, ಹಾಲು ಸೀದ ವಾಸನೆಯೂ ಇಲ್ಲ. ಮಗನಿಗೆ ಹೇಳಿಲ್ಲ, ಹೆದರುತ್ತಾನೆ. ನೆರೆಯವರಿಗೆ ಹೇಳಿಲ್ಲ, ಅಯ್ಯೋ ಪಾಪ ಅಂತಾರೆ.

"ಎಲ್ಲಕ್ಕಿಂತ ಈ ಮುಖ ಕಣೆ," ಅಂದಳು. "ಒಳಗೆ ನಗ್ತಾ ಇರ್ತೀನಿ, ಹೊರಗೆ ಬರೋದೇ ಇಲ್ಲ. ಸ್ನಾಯು ಬಿಗಿಯುತ್ತಂತೆ. ಹೋದ ಸಲ ಹಣ್ಣಿನಂಗಡಿ ಹತ್ರ ನೀನು ಸಿಕ್ಕಿದ್ದೆ. ಇವತ್ತು ಏನಾದ್ರಾಗ್ಲಿ ಅಂತ ನಿನ್ನ ನೋಡಿ ನಕ್ಕೆ. ನೀನು ತಿರುಗಿ ಬೋರ್ಡು ಓದ್ತಾ ನಿಂತೆ."

"ನಕ್ಕಿದ್ಯಾ?"

"ಬಾಯ್ತುಂಬ ನಕ್ಕಿದ್ದೆ ಅನ್ಕೊಂಡೆ. ಮನೆಗೆ ಹೋಗಿ ಕನ್ನಡಿ ಮುಂದೆ ನಕ್ಕು ನೋಡ್ಕೊಂಡೆ. ಯಾರ ಹತ್ರಾನೋ ಸಾಲ ವಸೂಲಿಗೆ ಬಂದವಳ ಥರ ಇತ್ತು ಮುಖ."

ಯಾಕಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಎರಡೂ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ಕೆಮ್ಮಾಗಿ ಹೊರಬಿತ್ತು.

ಹೊರಡುವಾಗ ಅಕ್ಕ ಬಂದ ಕಾರಣ ಹೇಳಿದಳು. ದೊಡ್ಡಾಸ್ಪತ್ರೆಯ ಪಕ್ಕದ ಸಭಾಂಗಣದಲ್ಲಿ ಶನಿವಾರ ಶನಿವಾರ ಈ ಕಾಯಿಲೆಯವರೆಲ್ಲ ಸೇರುತ್ತಾರೆ. ಕೈಕಾಲು ಆಡಿಸುವುದು, ದನಿ ಎತ್ತುವುದು ಎಲ್ಲ ಹೇಳಿಕೊಡುತ್ತಾರಂತೆ. ಹೋಗಲೇಬೇಕು ಅಂತ ಡಾಕ್ಟರು ಅಂದಿದ್ದಾರೆ. "ಬಾಗಿಲವರೆಗೆ ಹೋಗ್ತೀನಿ, ವಾಪಸ್ ಬರ್ತೀನಿ. ಒಳಗೆ ಕಾಲಿಟ್ರೆ ನನಗೆ ಇದೆ ಅಂತ ಒಪ್ಪಿಕೊಂಡ ಹಾಗೆ. ಒಬ್ಬಳೇ ಒಪ್ಪಿಕೊಳ್ಳೋಕೆ ಆಗ್ತಿಲ್ಲ. ಈಗ ನಿನಗೂ ಇದೆಯಲ್ಲ. ಇಬ್ರೂ ಹೋಗೋಣ. ಬರ್ತೀಯಾ?"

"ಬರ್ತೀನಿ," ಅಂದಳು ಯಾಕಮ್ಮ.

ಅಕ್ಕ ಹೋದ ಮೇಲೆ ಗಂಡ ಎಲ್ಲ ಕೇಳಿಸಿಕೊಂಡು, "ಹೇಳಲಿಲ್ವಾ?" ಅಂದ.

"ಹೇಗೆ ಹೇಳಲಿ? ಹೇಳಿದ್ರೆ ಅವಳು ಹೋಗಲ್ಲ. ನನ್ನ ಮುಖಾನೂ ನೋಡಲ್ಲ. ನನ್ನ ಕಾಯಿಲೆ ನಂಬಿಕೊಂಡು ಮನಸ್ಸು ಬಿಚ್ಚಿದ್ದಾಳೆ. ಅದು ಸುಳ್ಳು ಅಂದ್ರೆ, ಅವಳ ಬಟ್ಟೆ ಬಿಚ್ಚಿಸಿ ನಡುಬೀದೀಲಿ ನಿಲ್ಲಿಸಿದ ಹಾಗಲ್ವಾ?"

ಗಂಡ ಕೇಳಿದ: "ಸುಮ್ನಿದ್ರೆ?"

"ಸುಮ್ನಿದ್ರೆ ನಾನು ಕೈ ನಡುಗಿಸೋದು ಕಲೀಬೇಕು," ಅಂದಳು. ತಮಾಷೆಗೆ ಅಂದದ್ದು. ಆಡಿದ ಮೇಲೆ ಆ ಮಾತು ಬಾಯಲ್ಲಿ ಕಹಿಯಾಗಿ ಉಳಿಯಿತು.

ಶನಿವಾರ ಇಬ್ಬರೂ ಬಸ್ಸಿನಲ್ಲಿ ಹೋದರು. ಅಕ್ಕ ಕಿಟಕಿ ಪಕ್ಕ. ದಾರಿಯುದ್ದಕ್ಕೂ ಅವಳು ಕೇಳುತ್ತಿದ್ದಳು: ನಿನಗೆ ಯಾವ ಕೈ, ಗುಳಿಗೆ ಊಟದ ಮೊದಲೋ ಆಮೇಲೋ, ರಾತ್ರಿ ಕಾಲು ಸೆಳೆಯುತ್ತಾ. ಲೋಕವನ್ನೇ ಕೇಳುವವಳು ಈಗ ಕೇಳಿಸಿಕೊಳ್ಳುವ ಸರದಿ. ಯಾಕಮ್ಮ ಹೂಂ, ಊಹೂಂ, ನೋಡೋಣ ಅಂತ ಜಾರಿಸುತ್ತ ಬಂದಳು. ಸಭಾಂಗಣದ ಮೆಟ್ಟಿಲ ಬುಡದಲ್ಲಿ ಅಕ್ಕ ಕಂಬಿ ಹಿಡಿದು, "ನೀನು ಜೊತೆಗಿದ್ದೀಯ ಅಂತ ಹಗುರಾಗಿದೆ ಕಣೆ," ಅಂದಾಗ ಇನ್ನು ತಡೆಯಲಾಗಲಿಲ್ಲ.

"ಅಕ್ಕಾ, ನನಗಿಲ್ಲ."

"ಏನಿಲ್ಲ?"

"ಕಾಯಿಲೆ. ಅದು ಜಿಪ್ಪಿಗೆ ಕಟ್ಟಿದ್ದು. ಹಿಡಿ ಮುರಿದಿತ್ತು. ಕಾರ್ಖಾನೇಲಿ ಬಿದ್ದಿದ್ದ ಚೂರು. ಅದಕ್ಕೊಂದು ಅರ್ಥ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ದಿನಾನೇ ನೀನು ಬಂದೆ. ಅವತ್ತೇ ಹೇಳಬೇಕಿತ್ತು. ಹೇಳಿದ್ರೆ ಹೊರಟುಹೋಗ್ತೀಯಾ ಅಂತ ಹೇಳಲಿಲ್ಲ."

ಅಕ್ಕ ಅವಳನ್ನೇ ನೋಡಿದಳು. ಆ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಸಿಟ್ಟೋ, ಅಳುವೋ, ಅಸಹ್ಯವೋ, ಏನೂ ತಿಳಿಯದು. ಇಷ್ಟು ವರ್ಷ ಯಾಕಮ್ಮ ಈ ಮುಖವನ್ನು ದೂರದಿಂದ ಓದಿ, ತಪ್ಪು ಓದಿ, ಮನೆಗೆ ಹೋಗಿ ಅತ್ತಿದ್ದಳು. ಈ ಸಲ ಓದುವ ಗೋಜಿಗೆ ಹೋಗಲಿಲ್ಲ.

"ಮುಖ ನೋಡಿದ್ರೆ ಗೊತ್ತಾಗ್ತಿಲ್ಲ ಅಕ್ಕಾ. ಬಾಯಿ ಬಿಟ್ಟು ಹೇಳು. ಸಿಟ್ಟು ಬಂದಿದೆಯಾ?"

"ಬಂದಿದೆ."

"ತುಂಬ?"

"ಕಪಾಳಕ್ಕೆ ಬಾರಿಸೋ ಅಷ್ಟು."

"ಬಾರಿಸು."

"ಕೈ ಗುರಿ ತಪ್ಪುತ್ತೆ. ಪಕ್ಕದಲ್ಲಿ ಹೋಗೋರಿಗೆ ಬೀಳುತ್ತೆ," ಅಂದಳು ಅಕ್ಕ.

ಯಾಕಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಇದು ತಮಾಷೆನಾ?"

"ತಮಾಷೆ ಕಣೆ. ನಗು."

ಯಾಕಮ್ಮ ನಕ್ಕಳು. ಕಣ್ಣಲ್ಲಿ ನೀರು ಬಂತು. ಅಕ್ಕ ಮೆಟ್ಟಿಲ ಮೇಲೆ ನಿಧಾನಕ್ಕೆ ಕೂತಳು. ಜನ ಒಬ್ಬೊಬ್ಬರಾಗಿ ಅವರನ್ನು ದಾಟಿ ಒಳಗೆ ಹೋಗುತ್ತಿದ್ದರು: ಕೋಲು ಊರಿದವರು, ಹೆಂಡತಿಯ ತೋಳು ಹಿಡಿದವರು, ಏನೂ ಆಗಿಲ್ಲದವರ ಹಾಗೆ ಸರಸರ ನಡೆಯುವವರು.

"ಸಿಟ್ಟಿನ ಜೊತೆ ಇನ್ನೊಂದು ಬಂತು," ಅಂದಳು ಅಕ್ಕ. "ನಿನಗಿಲ್ಲ ಅಂತ ಕೇಳಿದ ಕೂಡ್ಲೇ ಎದೆ ಮೇಲಿಂದ ಒಂದು ಕಲ್ಲು ಇಳೀತು. ನಿನಗೂ ಇದೆ ಅಂತ ಮೇಷ್ಟ್ರ ಹೆಂಡತಿ ಹೇಳಿದಾಗ ನನಗೆ ಖುಷಿಯಾಗಿತ್ತು ಕಣೆ. ಒಡಹುಟ್ಟಿದವಳಿಗೆ ಕಾಯಿಲೆ ಬಂತು ಅಂತ ಖುಷಿಪಟ್ಟೆ. ಅಂಥವಳು ನಾನು. ಬಸ್ಸಲ್ಲಿ ಅದೇ ಯೋಚನೆ ಮಾಡ್ತಾ ಬಂದೆ."

"ಅದಕ್ಕೇನೀಗ? ನಾನೂ ಸುಮ್ಮನಿದ್ದೆನಲ್ಲ, ನೀನು ಮಾತಾಡಿಸ್ತೀಯ ಅಂತ."

"ಇಬ್ರೂ ಒಳ್ಳೆ ಜೋಡಿ."

"ಮನೆಗೆ ಹೋಗೋಣವಾ ಹಾಗಾದ್ರೆ?"

ಒಳಗಿಂದ ಹತ್ತಾರು ಜನ ಒಟ್ಟಿಗೆ 'ಆ' ಅಂತ ಎಳೆದು ಕೂಗುವುದು ಕೇಳಿಸಿತು. ದನಿ ಗಟ್ಟಿಯಾಗಲಿ ಅಂತ ಮಾಡಿಸುವುದಿರಬೇಕು. ಒಂದೊಂದು ದನಿ ಒಂದೊಂದು ದಿಕ್ಕಿಗೆ ಹೋಗುತ್ತಿತ್ತು. ಇಷ್ಟು ಅಪಸ್ವರವನ್ನು ಯಾಕಮ್ಮ ಜನ್ಮದಲ್ಲಿ ಕೇಳಿರಲಿಲ್ಲ.

"ಅಬ್ಬ, ಇದೇನೇ ಇದು, ಕೋಣ ಕೆರೆಗೆ ಬಿದ್ದ ಹಾಗೆ," ಅಂದಳು ಅಕ್ಕ. ಆಮೇಲೆ ಕಂಬಿ ಹಿಡಿದು ಎದ್ದಳು. ತಂಗಿ ಕೈ ಕೊಡಲು ಬಂದರೆ ಬೇಡ ಅಂದಳು. ಮೇಲಿನ ಮೆಟ್ಟಿಲು ಮುಟ್ಟಿದ ಮೇಲೆ ತಾನಾಗಿಯೇ ಅವಳ ತೋಳು ಹಿಡಿದಳು.

ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂತ ಹೆಂಗಸು ಇಬ್ಬರ ಮುಖವನ್ನೂ ನೋಡಿ ನಕ್ಕಳು. "ಬನ್ನಿ ಬನ್ನಿ. ಹೊಸಬರಾ? ಇಬ್ಬರಲ್ಲಿ ಯಾರಿಗೆ?"

ಯಾಕಮ್ಮನ ನಾಲಿಗೆ ತುದಿಗೆ ಮಾತು ಬಂದಿತ್ತು. ಹಲ್ಲು ಕಚ್ಚಿ ತಡೆದಳು. ಪಕ್ಕದಲ್ಲಿ ಅಕ್ಕ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ನನಗೆ," ಅಂದಳು ಅಕ್ಕ.

ಮೇಜಿನ ಹೆಂಗಸಿಗೆ ಕೇಳಿಸಲಿಲ್ಲ. ಒಳಗೆ ಆ 'ಆ' ಮತ್ತೆ ಶುರುವಾಗಿತ್ತು. ಅವಳು ಕಿವಿಯ ಹಿಂದೆ ಕೈ ಇಟ್ಟು ಮುಂದೆ ಬಾಗಿದಳು.

"ನನಗೇ ಕಣಮ್ಮ ಇರೋದು!" ಅಂತ ಅಕ್ಕ ಕೂಗಿದಳು. ಮಾರ್ಕೆಟ್ಟಿನ ಆಚೆ ತುದಿಗೆ ಮುಟ್ಟುವ ದನಿಯೇನಲ್ಲ ಅದು. ಆದರೂ ಒಳಗಿನ ಸಾಲಿನವರು ಒಬ್ಬಿಬ್ಬರು ತಿರುಗಿ ನೋಡಿದರು. "ಇವಳು ನನ್ನ ತಂಗಿ. ಇವಳಿಗೇನೂ ಇಲ್ಲ, ಕೇಳೋ ಚಟ ಒಂದು ಬಿಟ್ರೆ. ಜೊತೆಗೆ ಕೂರಬಹುದು ತಾನೇ?"

"ಧಾರಾಳವಾಗಿ," ಅಂದಳು ಹೆಂಗಸು, ಎರಡು ಕುರ್ಚಿ ಎಳೆಯುತ್ತ.

ಅಕ್ಕ ಕೂತಳು. ಎಡಗೈ ಅಭ್ಯಾಸಬಲದಿಂದ ಜೇಬಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ನಿಲ್ಲಿಸಿ, ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಕುರ್ಚಿಯ ಮುದುಕರ ಬಲಗೈಯೂ ಅವರ ತೊಡೆಯ ಮೇಲೆ ಅದೇ ತಾಳದಲ್ಲಿ ಆಡುತ್ತಿತ್ತು. ಅವರು ಅಕ್ಕನ ಕೈ ನೋಡಿದರು, ಅಕ್ಕ ಅವರ ಕೈ ನೋಡಿದಳು.

"ನಿಮಗೆ ಇದು ಶುರುವಾಗಿ ಎಷ್ಟು ವರ್ಷ ಆಯ್ತು?" ಅಂತ ಅಕ್ಕನೇ ಮೊದಲು ಕೇಳಿದಳು.